ಅಂಗಡಿ ಕೆಲಸ ಮಾಡ್ತಾ ಕರೆಸ್ಪಾಂಡೆನ್ಸ್‌ನಲ್ಲಿ ಬಿಕಾಂ ಕಟ್ಟಿದೋನ ರಿವ್ಯೂ: 5ಕ್ಕೆ ಮೂರೂವರೆ

ಮೊದ್ಲೇ ಹೇಳಿಬಿಡ್ತೀನಿ, ಇದು ಅಡ್ಮಿಷನ್ ಆದ ಹುಮ್ಮಸ್ಸಲ್ಲಿ ಬರಿಯೋ ರಿವ್ಯೂ ಅಲ್ಲ. ಡಿಗ್ರಿ ಕೈಗೆ ಬಂದು, ಅದನ್ನ ಫೈಲಲ್ಲಿ ಹಾಕ್ಕೊಂಡು ಅಲ್ಲಿ ಇಲ್ಲಿ ತಿರುಗಿ, ಕೆಲವು ಕಡೆ ನಡೆದು ಕೆಲವು ಕಡೆ ನಡೀದೆ, ಎಲ್ಲಾ ಆದ್ಮೇಲೆ ಬರೀತಿರೋದು. ನಾನು ದಾವಣಗೆರೆ ಎಪಿಎಂಸಿಯಲ್ಲಿ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೀತೀನಿ. ಪಿಯುಸಿ ಕಾಮರ್ಸ್ ಮುಗೀತಿದ್ದಂಗೆ ಸೇರ್ಕೊಂಡಿದ್ದು, ಆಮೇಲೆ ಬಿಡೋಕಾಗ್ಲಿಲ್ಲ, ಮನೆಗೆ ಸಂಬಳ ಬೇಕಿತ್ತು. ಯಾವ ಯೂನಿವರ್ಸಿಟಿ ಅಂತ ಹೆಸರು ಬರಿಯಲ್ಲ. ನನ್ನ ಜೊತೆಯೋರು ಬೇರೆ ಬೇರೆ ಕಡೆ ಕಟ್ಟಿದ್ದಾರೆ, ಅವರ ಕಥೆನೂ ಹೆಚ್ಚೂಕಮ್ಮಿ ಇದೇ.

ನಮ್ಮೂರಲ್ಲಿ ಕಾಲೇಜಿಗೇನು ಬರ ಇಲ್ಲ ನೋಡ್ರಿ. ಮೆಡಿಕಲ್ ಐತೆ, ಇಂಜಿನಿಯರಿಂಗ್ ಐತೆ, ತೋಳಹುಣಸೆಯಲ್ಲಿ 2009ರಿಂದ ಯೂನಿವರ್ಸಿಟಿನೇ ಐತೆ, ಚಿತ್ರದುರ್ಗ ಜಿಲ್ಲೆ ಕಾಲೇಜುಗಳೂ ಅದಕ್ಕೇ ಸೇರ್ತವೆ. ಆದ್ರೆ ಬೆಳಿಗ್ಗೆ ಲಾರಿ ಬರೋ ಹೊತ್ತಿಗೆ ಅಂಗಡಿಯಲ್ಲಿರಬೇಕಾದೋನಿಗೆ ಹತ್ತು ಗಂಟೆ ಕ್ಲಾಸು ಹೆಂಗ್ ಸಾಧ್ಯ. ಅಟೆಂಡೆನ್ಸ್ ಶಾರ್ಟೇಜ್ ಅಂತ ಎಕ್ಸಾಮಿಗೇ ಕೂರಿಸಲ್ಲ. ಹಿಂಗಾಗಿ ನಮ್ಮಂಥೋರಿಗೆ ಉಳಿಯೋದು ಇದೊಂದೇ ದಾರಿ. ಇದೇನು ಹೊಸದೂ ಅಲ್ಲ, ಮೈಸೂರು ಯೂನಿವರ್ಸಿಟಿ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತ್ತು, 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯ್ತು. ದೆಹಲಿ ಕಡೆಯ ಇಗ್ನೋ, ಅಂದ್ರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ, 1985ರದ್ದು. ನಮ್ಮ ದೊಡ್ಡಮ್ಮನ ಕಾಲದ ಟೀಚರ್‌ಗಳನ್ನ ಕೇಳಿ ನೋಡಿ, ಮದುವೆ ಆದ್ಮೇಲೆ ಅಂಚೆ ತೆರಪಿನಲ್ಲೇ ಬಿಎ ಮಾಡ್ಕೊಂಡಿದ್ದು ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ.

ಸರಿ, ವಿಷಯಕ್ಕೆ ಬರ್ತೀನಿ. ಓದು ಕಷ್ಟ ಅನ್ಕೊಂಡು ಹೆದರ್ತಾರಲ್ಲ, ಓದು ಕಷ್ಟ ಇಲ್ಲ. ಕಷ್ಟ ಇರೋದು ತಾರೀಕಲ್ಲಿ. ಅಡ್ಮಿಷನ್ ಲಾಸ್ಟ್ ಡೇಟು, ಅಸೈನ್‌ಮೆಂಟ್ ಲಾಸ್ಟ್ ಡೇಟು, ಎಕ್ಸಾಂ ಫೀಸ್ ದಂಡ ಇಲ್ಲದೆ ಕಟ್ಟೋ ಡೇಟು, ದಂಡ ಸಮೇತ ಕಟ್ಟೋ ಡೇಟು, ಹಾಲ್ ಟಿಕೆಟ್ ಬಿಡೋ ಡೇಟು. ರೆಗ್ಯುಲರ್ ಕಾಲೇಜಲ್ಲಿ ಇದನ್ನೆಲ್ಲ ನೋಟಿಸ್ ಬೋರ್ಡ್ ಹೇಳುತ್ತೆ, ಇಲ್ಲಾಂದ್ರೆ ಪಕ್ಕದಲ್ಲಿ ಕೂತ ಫ್ರೆಂಡ್ ಹೇಳ್ತಾನೆ. ಇಲ್ಲಿ ಯಾರೂ ಹೇಳಲ್ಲ. ವೆಬ್‌ಸೈಟ್ ನೀವೇ ನೋಡ್ತಿರ್ಬೇಕು. ಡೇಟ್ ತಪ್ಪಿದ್ರೆ ಆರು ತಿಂಗಳೋ ಒಂದು ವರ್ಷವೋ ಹೋಯ್ತು ಅಂತಲೇ. ನಂಗೊತ್ತಿರೋರಲ್ಲಿ ಅರ್ಧಕ್ಕೆ ಬಿಟ್ಟೋರೆಲ್ಲ ಫೇಲಾಗಿ ಬಿಟ್ಟಿದ್ದಲ್ಲ, ಒಂದ್ಸಲ ಫೀಸ್ ಕಟ್ಟೋ ಡೇಟ್ ತಪ್ಪಿತು, ಮುಂದಿನ ಸಲ ಕಟ್ಟೋಣ ಅಂದ್ರು, ಆ ಮುಂದಿನ ಸಲ ಬರ್ಲೇ ಇಲ್ಲ.

ಇದರ ಜೊತೆ ನಮ್ಮ ಕಡೆಯ ಇನ್ನೊಂದು ಫಜೀತಿ. ಇಗ್ನೋದಲ್ಲಿ ಟರ್ಮ್ ಎಂಡ್ ಎಕ್ಸಾಂ ಜೂನ್ ಮತ್ತೆ ಡಿಸೆಂಬರ್. ಜೂನಲ್ಲಿ ಬಿತ್ತನೆ ಟೈಮು, ರೈತರು ಅಡ್ವಾನ್ಸ್ ಕೇಳ್ಕೊಂಡು ಬರ್ತಾರೆ. ಡಿಸೆಂಬರ್‌ಗೆ ಯಾರ್ಡ್ ತುಂಬಾ ಮೆಕ್ಕೆಜೋಳ. ಬೇರೆ ಯೂನಿವರ್ಸಿಟಿಗಳ ಕ್ಯಾಲೆಂಡರ್ ಬೇರೆ ಇರುತ್ತೆ ಬಿಡಿ, ಆದ್ರೆ ಎಲ್ಲಿ ಸೇರೋದಾದ್ರೂ ಎಕ್ಸಾಂ ಯಾವ ತಿಂಗಳು ಬೀಳುತ್ತೆ, ಆಗ ನಿಮ್ಮ ಕೆಲಸದಲ್ಲಿ ರಜೆ ಸಿಗುತ್ತಾ ಅಂತ ಮೊದ್ಲು ನೋಡ್ಕೊಳ್ಳಿ, ಫೀಸ್ ಎಷ್ಟು ಅನ್ನೋದು ಆಮೇಲೆ. ನಮ್ಮ ಸಾವ್ಕಾರ್ರು ಒಳ್ಳೇವ್ರು, "ಎಕ್ಸಾಂ ಮುಗಿಸ್ಕೊಂಡು ಸೀದಾ ಅಂಗಡಿಗೆ ಬಾರಪ್ಪ, ತೂಕದ ಚೀಟಿ ಹಂಗೇ ಇಟ್ಟಿರ್ತೀನಿ" ಅನ್ನೋರು. ಇಟ್ಟಿರೋರು ಕೂಡ, ಒಂದು ಕಟ್ಟು.

ಅಸೈನ್‌ಮೆಂಟ್‌ನ ಕೈಯಲ್ಲೇ ಬರೀಬೇಕು. ಇದನ್ನ ಎಷ್ಟೋ ಜನ ಹಗುರವಾಗಿ ತಗೋತಾರೆ, ಇಂಟರ್‌ನೆಟ್ಟಲ್ಲಿ ರೆಡಿಮೇಡ್ ಸಿಗುತ್ತೆ, ಕಾಪಿ ಹೊಡೆದ್ರಾಯ್ತು ಅಂತ. ಆದ್ರೆ ಇಗ್ನೋ ತರದ ಕಡೆ ಸಾಮಾನ್ಯವಾಗಿ 30 ಪರ್ಸೆಂಟ್ ವೇಟೇಜ್ ಅಸೈನ್‌ಮೆಂಟಿಗೇ, ಎಕ್ಸಾಮಿಗೆ 70. ನಾನು ಮಧ್ಯಾಹ್ನ ಟೆಂಡರ್ ಮುಗಿದು ಹಮಾಲರು ಊಟಕ್ಕೆ ಹೋದಾಗ ಗಲ್ಲಾ ಪಕ್ಕ ಕೂತು ಬರೀತಿದ್ದೆ. ಎ4 ಶೀಟ್ ಮೇಲೆ ಜೋಳದ ಧೂಳು ಕೂತು ಪೆನ್ನು ಜಾರೋದು, ಇಂಕು ಹತ್ಕೊಳ್ತಾನೇ ಇರ್ಲಿಲ್ಲ, ಒಂದೊಂದು ಹಾಳೆನೂ ಜಾಡಿಸಿ ಜಾಡಿಸಿ ಬರಿಯೋದು. ಕೊಟ್ಟ ಮೇಲೆ ಅಕ್ನಾಲೆಡ್ಜ್‌ಮೆಂಟ್ ತಗೊಳ್ಳಿ, ಒಂದು ಸೆಟ್ ಜೆರಾಕ್ಸ್ ಇಟ್ಕೊಳ್ಳಿ. ನನ್ನ ಒಂದು ಸಬ್ಜೆಕ್ಟಿನ ಅಸೈನ್‌ಮೆಂಟ್ ಮಾರ್ಕ್ಸ್ ಅಪ್‌ಡೇಟೇ ಆಗಿರ್ಲಿಲ್ಲ, ಕೇಳೋಕೆ ಹೋದ್ರೆ ನೀವು ಕೊಟ್ಟೇ ಇಲ್ಲ ಅಂದ್ರು, ಆ ಸೀಲ್ ಹಾಕಿದ ಚೀಟಿ ತೋರಿಸಿದ್ಮೇಲೆ ಮಾತು ಬದಲಾಯ್ತು.

ಪುಸ್ತಕಗಳು ಚೆನ್ನಾಗಿವೆ, ಇದನ್ನ ಹೊಗಳಲೇಬೇಕು. ಪಾಠ ಮಾಡೋರಿಲ್ಲ ಅಂತ ತಿಳ್ಕೊಂಡೇ ಬರೆದಿರ್ತಾರೆ, ಒಂದು ಯೂನಿಟ್ ಮುಗಿದ್ರೆ ನಿಮ್ಮ ಪ್ರಗತಿ ಪರೀಕ್ಷಿಸಿಕೊಳ್ಳಿ ಅಂತ ಪ್ರಶ್ನೆ, ಹಿಂದೆ ಉತ್ತರ. ಇಗ್ನೋ ಪುಸ್ತಕಗಳು ಅವರದೇ ಇಜ್ಞಾನಕೋಶ ಅನ್ನೋ ವೆಬ್‌ಸೈಟಲ್ಲಿ ಫ್ರೀ ಸಿಗ್ತವೆ, ಬೇರೆ ಕಡೆ ಓದೋರೂ ಡೌನ್‌ಲೋಡ್ ಮಾಡ್ಕೊಂಡು ಓದ್ತಾರೆ. ಕಾಂಟ್ಯಾಕ್ಟ್ ಕ್ಲಾಸ್ ಬಗ್ಗೆ ಹೆಚ್ಚು ಬರಿಯೋದಿಲ್ಲ, ಭಾನುವಾರ ಹೋದಾಗ ಒಂದೊಂದ್ಸಲ ಮೇಷ್ಟ್ರು ಇರ್ತಿದ್ರು, ಒಂದೊಂದ್ಸಲ ನಾವು ಮಾತ್ರ ಇರ್ತಿದ್ವಿ.

ಈಗ ನಂಗೆ ನಿಜವಾಗ್ಲೂ ಏನು ಸಿಕ್ತು ಅಂದ್ರೆ, ಲೆಕ್ಕ ಯಾಕೆ ಹಂಗೆ ಬರೀತೀವಿ ಅನ್ನೋದು. ಸೇರಿದಾಗಿಂದ ಟ್ಯಾಲಿ ಹೊಡೀತಿದ್ದೆ, ಮಾರ್ಚ್ ಬಂದ್ರೆ ಆಡಿಟರ್ ಆಫೀಸಿಂದ ಒಂದು ಚೀಟಿ ಬರೋದು, ಡಿಪ್ರಿಸಿಯೇಶನ್ (ಗಾಡಿ, ಮಷೀನು ಸವೆದಿದ್ದಕ್ಕೆ ಲೆಕ್ಕದಲ್ಲಿ ವರ್ಷವರ್ಷ ಕಳೆಯೋದು) ಇಷ್ಟು ಹಾಕು ಅಂತ, ಹಾಕ್ತಿದ್ದೆ. ಇನ್‌ಕಂ ಟ್ಯಾಕ್ಸ್ ಪೇಪರ್ ಓದುವಾಗ ಗೊತ್ತಾಯ್ತು, ಸ್ವಂತ ಮಾಲು ಸಾಗಿಸೋ ಲಾರಿಗೆ 15 ಪರ್ಸೆಂಟ್, ಅದೇ ಲಾರಿನ ಬಾಡಿಗೆ ಓಡಿಸೋದೇ ಬಿಸಿನೆಸ್ ಆಗಿದ್ರೆ 30. ಅಷ್ಟೇ ಅಲ್ಲ, ತಗೊಂಡ ವರ್ಷದಲ್ಲಿ 180 ದಿನಕ್ಕಿಂತ ಕಮ್ಮಿ ಬಳಸಿದ್ರೆ ಅರ್ಧನೇ ಸಿಗೋದು. ಅಂದ್ರೆ ದಸರಾ, ದೀಪಾವಳಿ ಅಂತ ಅಕ್ಟೋಬರ್ ಮೊದಲ ವಾರ ದಾಟಿಸಿ ಗಾಡಿ ತಗೊಂಡೋರಿಗೆ ಆ ವರ್ಷ ಅರ್ಧ ಖೋತಾ. ಇದನ್ನ ನಾನು ಹೇಳಿದಾಗ ಸಾವ್ಕಾರ್ರು ಎರಡು ನಿಮಿಷ ಸುಮ್ನಿದ್ದು, "ಹೌದೇನೋ, ಇಷ್ಟು ವರ್ಷ ಆ ಆಡಿಟ್ರು ಒಂದ್ಸಲಾನೂ ಹೇಳ್ಲಿಲ್ವಲ್ಲೋ" ಅಂದ್ರು. ಆಡಿಟರ್ ಹೇಳಿರ್ತಾರೆ, ಇವರು ಪೂಜೆ ಮುಹೂರ್ತ ನೋಡ್ತಿದ್ರು ಅನ್ಸುತ್ತೆ. ಅವತ್ತಿಂದ ಅಂಗಡಿಯಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕ ಬಂತು, ಸಂಬಳಾನೂ ಸ್ವಲ್ಪ ಮೇಲೆ ಹೋಯ್ತು.

ಎಕ್ಸಾಂ ಹಾಲ್ ಬಗ್ಗೆ ಹೇಳಲೇಬೇಕು. ಅಲ್ಲಿ ಇಪ್ಪತ್ತು ವರ್ಷದೋರು ಕಮ್ಮಿ. ಮಫ್ತಿಯಲ್ಲಿ ಬಂದಿರೋ ಕಾನ್‌ಸ್ಟೇಬಲ್, ಡ್ಯೂಟಿ ಬದಲಾಯಿಸ್ಕೊಂಡು ಬಂದಿರೋ ಕಂಡಕ್ಟರು, ಅಂಗನವಾಡಿ ಟೀಚರಕ್ಕ, ಹರಿಹರದ ಕಡೆಯಿಂದ ಮಗೂನ ತನ್ನ ತಾಯಿ ಕೈಗೆ ಕೊಟ್ಟು ಕಾಂಪೌಂಡಲ್ಲಿ ಕೂರಿಸಿ ಒಳಗೆ ಬರೋ ಹೆಣ್ಮಗಳು. ಒಂದ್ಸಲ ಒಬ್ರು ಯಜಮಾನ್ರು, ರಿಟೈರ್‌ಮೆಂಟಿಗೆ ಹತ್ರ ಇದ್ದೋರು, ಬಿಎ ಬರೀತಿದ್ರು. ಯಾಕ್ ಸರ್ ಈ ವಯಸ್ಸಲ್ಲಿ ಅಂದೆ. "ಪ್ರಮೋಷನ್‌ಗಲ್ಲಪ್ಪಾ, ಮಗಳು ಮದುವೆ ಕಾರ್ಡಲ್ಲಿ ಅಳಿಯನ ಹೆಸರ ಮುಂದೆ ಎಂಟೆಕ್, ಅವರಪ್ಪನ ಮುಂದೆ ಬಿಎಸ್ಸಿ ಅಂತ ಹಾಕ್ಸವ್ರೆ, ನನ್ನ ಮುಂದೆ ಏನೂ ಇಲ್ಲ" ಅಂತ ಹೇಳಿ ನಕ್ಕು ಅಡಿಷನಲ್ ಶೀಟ್ ಕೇಳಿದ್ರು. ನಾನಿನ್ನೂ ಮೇನ್ ಶೀಟಲ್ಲೇ ಇದ್ದೆ.

ಈಗ ಎಲ್ಲಿ ನಡೀತು ಎಲ್ಲಿ ನಡೀಲಿಲ್ಲ. ಸರ್ಕಾರಿ ಎಕ್ಸಾಂ ಅರ್ಹತೆಗೆ ತಕರಾರೇ ಇಲ್ಲ. ಪಿಯುಸಿ ಮೇಲೆ ಎಸ್‌ಡಿಎ ತನಕ ಮಾತ್ರ ಹೋಗಬಹುದಿತ್ತು, ಡಿಗ್ರಿ ಬಂದ್ಮೇಲೆ ಎಫ್‌ಡಿಎ, ಪಿಡಿಒ, ಬ್ಯಾಂಕ್ ಕ್ಲರ್ಕ್ ಎಲ್ಲಾ ಬರೆದೆ. ಯಾವುದೂ ಆಗ್ಲಿಲ್ಲ, ಅದು ಬೇರೆ ವಿಷಯ. ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿಯ 2020ರ ರೆಗ್ಯುಲೇಷನ್ ಪ್ರಕಾರ ಮಾನ್ಯತೆ ಇರೋ ದೂರ ಶಿಕ್ಷಣದ, ಆನ್‌ಲೈನ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ, 2022ರಲ್ಲಿ ಇನ್ನೊಮ್ಮೆ ಅದನ್ನೇ ಸ್ಪಷ್ಟ ಮಾಡಿದ್ರು. ಪ್ರೈವೇಟಲ್ಲಿ ಈ ಕಾಗದ ಯಾರೂ ಓದಿರಲ್ಲ. ಒಂದು ಫೈನಾನ್ಸ್ ಕಂಪನಿ ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್ ತಿರುಗಿಸಿ ನೋಡಿ "ಓ, ಕರೆಸ್ಪಾಂಡೆನ್ಸಾ" ಅಂತ ಬದಿಗಿಟ್ರು, ಮುಂದೆ ಕೇಳಿದ ಪ್ರಶ್ನೆ ಟೂ ವೀಲರ್ ಐತಾ ಅಂತ. ಇನ್ನೊಂದು ಕಡೆ, ಪಿಜೆ ಬಡಾವಣೆಯ ಆಡಿಟರ್ ಒಬ್ರು ಸಂಜೆ ಹೊತ್ತು ಜಿಎಸ್‌ಟಿ ರಿಟರ್ನ್ ಮಾಡೋಕೆ ಕರೆದ್ರು, ಅವರು ಸರ್ಟಿಫಿಕೇಟೇ ಕೇಳ್ಲಿಲ್ಲ, ಪರ್ಚೇಸ್ ಬಿಲ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರೋ 2ಬಿ ಪಟ್ಟಿ ಜೊತೆ ತಾಳೆ ಹಾಕು ಅಂದ್ರು. ಕೈಯಲ್ಲಿ ಕೆಲಸ ಇದ್ದು ಮೇಲೆ ಹತ್ತೋಕೆ ಡಿಗ್ರಿ ಬೇಕು ಅನ್ನೋರಿಗೆ ಇದು ಸರಿ. ಡಿಗ್ರಿ ಆದ್ರೆ ಕೆಲಸ ತಾನೇ ಸಿಗುತ್ತೆ ಅಂತ ಹದಿನೆಂಟು ವರ್ಷದ ಹುಡುಗನ್ನ ಮನೇಲಿ ಕೂರಿಸಿ ಇದಕ್ಕೆ ಸೇರಿಸೋದು ನಂಗೆ ಸರಿ ಕಾಣಲ್ಲ. ಆ ವಯಸ್ಸಲ್ಲಿ ಅವಕಾಶ ಇದ್ರೆ ಕಾಲೇಜಿಗೇ ಕಳ್ಸಿ, ಪ್ಲೇಸ್‌ಮೆಂಟು, ಫ್ರೆಂಡ್ಸು, ಸ್ಟೇಜ್ ಮೇಲೆ ಮಾತಾಡೋ ಧೈರ್ಯ, ಇದ್ಯಾವುದೂ ಪೋಸ್ಟಲ್ಲಿ ಬರಲ್ಲ.

ಅರ್ಧ ಸ್ಟಾರ್ ಕಟ್ ಮಾಡಿದ್ದು ಕ್ಲಾಸ್‌ಗೆ. ಉಳಿದ ಒಂದು ಸ್ಟಾರ್ ಪೂರ್ತಿ ಕಾಗದಪತ್ರದ ಗೋಳಿಗೆ. ರಿಸಲ್ಟ್ ಲೇಟು, ಮಾರ್ಕ್ಸ್ ಕಾರ್ಡ್ ಇನ್ನೂ ಲೇಟು, ಬಂದಾಗ ನೋಡಿದ್ರೆ ಅಪ್ಪನ ಹೆಸರಲ್ಲಿ ಒಂದು ಅಕ್ಷರ ಬೇರೆ. ಅದನ್ನ ಸರಿ ಮಾಡ್ಸೋಕೆ ಅಫಿಡವಿಟ್ಟು, ಡಿಡಿ, ಎಸ್‌ಎಸ್‌ಎಲ್‌ಸಿ ಕಾರ್ಡಿನ ಕಾಪಿ, ಮತ್ತೆ ಕಾಯೋದು. ಫೋನ್ ಎತ್ತಲ್ಲ, ಎತ್ತಿದ್ರೆ ಬೇರೆ ಸೆಕ್ಷನ್‌ಗೆ ಮಾಡಿ ಅಂತಾರೆ. ಕೆಲಸಕ್ಕೆ ಸೇರೋವಾಗ ಜೆನ್ಯೂನ್‌ನೆಸ್ ವೆರಿಫಿಕೇಷನ್ ಅಂತ ಇನ್ನೊಂದು ಸುತ್ತು ಇರುತ್ತೆ, ಹೆಸರು ಮೊದಲೇ ಸರಿ ಮಾಡ್ಸಿಟ್ಕೊಂಡಿದ್ರೆ ಅವಾಗ ಓಡಾಟ ಇರಲ್ಲ.

ಈಗ ಏಜೆಂಟರ ವಿಷಯ. ನಮ್ಮ ಕಡೆ ಮಾತ್ರ ಅಲ್ಲ ಎಲ್ಲಾ ಊರಲ್ಲೂ ಇದಾರೆ, ಕಂಬಕ್ಕೆಲ್ಲ ಪೋಸ್ಟರ್ ಅಂಟಿಸಿ, ಒಂದೇ ಸಿಟ್ಟಿಂಗ್‌ನಲ್ಲಿ ಡಿಗ್ರಿ, ಹಿಂದಿನ ವರ್ಷದ ಡೇಟ್ ಹಾಕಿ ಕೊಡ್ತೀವಿ ಅಂತಾರೆ. ನನ್ನ ಜೊತೆ ಪಿಯುಸಿ ಓದಿದ ಹುಡುಗ ಹಂಗೊಂದು ತಗೊಂಡಿದ್ದ, ಹೊರರಾಜ್ಯದ್ದು, ವೆರಿಫಿಕೇಷನ್‌ನಲ್ಲಿ ನಿಲ್ಲಲಿಲ್ಲ, ದುಡ್ಡೂ ಹೋಯ್ತು ಕೆಲಸಾನೂ ಹೋಯ್ತು. ಮೂರು ವರ್ಷದ ಡಿಗ್ರಿಗೆ ಮೂರು ವರ್ಷನೇ ಬೇಕು ರೀ. ಸೇರೋ ಮುಂಚೆ ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ವೆಬ್‌ಸೈಟಲ್ಲಿ ಆ ಯೂನಿವರ್ಸಿಟಿ, ಆ ಕೋರ್ಸು, ಆ ವರ್ಷ, ಮೂರೂ ಇವೆಯಾ ನೋಡಿ. ವರ್ಷ ಯಾಕೆ ಅಂದ್ರೆ ನಮ್ಮ ರಾಜ್ಯ ಮುಕ್ತ ವಿವಿಗೇ 2013-14ರಿಂದ ಮಾನ್ಯತೆ ಇರ್ಲಿಲ್ಲ, 2018-19ಕ್ಕೆ ಮತ್ತೆ ಸಿಕ್ತು, ಈ ಮಧ್ಯೆ ಸಿಕ್ಕಿಹಾಕ್ಕೊಂಡೋರು ಪಟ್ಟ ಪಾಡು ಪೇಪರಲ್ಲಿ ಓದಿರ್ತೀರಿ. ಈಗ ಅಡ್ಮಿಷನ್‌ಗೆ ಎಬಿಸಿ ಐಡಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ದು), ಡಿಇಬಿ ಐಡಿ ಎರಡೂ ಕೇಳ್ತಾರೆ, ಅದನ್ನ ನಿಮ್ಮದೇ ಮೊಬೈಲ್ ನಂಬರ್ ಕೊಟ್ಟು ಮಾಡ್ಕೊಳ್ಳಿ, ಸೈಬರ್‌ನೋನ ನಂಬರ್ ಹಾಕಿಸ್ಬೇಡಿ. ಇಂಜಿನಿಯರಿಂಗ್, ನರ್ಸಿಂಗ್, ಲಾ ದೂರಶಿಕ್ಷಣದಲ್ಲಿ ಕೊಡ್ತೀವಿ ಅಂದೋರ ಅಂಗಡಿಯಿಂದ ಹಂಗೇ ಎದ್ದು ಬನ್ನಿ, ಅವಕ್ಕೆ ಅನುಮತಿನೇ ಇಲ್ಲ. ಲಾ ಮಾಡ್ಬೇಕು ಅನ್ನೋರು ದೂರಶಿಕ್ಷಣದ ಡಿಗ್ರಿ ಇಟ್ಕೊಂಡು ಮೂರು ವರ್ಷದ ಎಲ್‌ಎಲ್‌ಬಿಗೆ ರೆಗ್ಯುಲರಾಗಿ ಸೇರಬಹುದು, ಆದ್ರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ದಾಟದೆ ನೇರ ಡಿಗ್ರಿ ಮಾಡಿದೋರನ್ನ ಬಾರ್ ಕೌನ್ಸಿಲ್ ರೂಲ್ಸ್ ಒಪ್ಪಲ್ಲ.

ಪಿಯುಸಿನೇ ಆಗಿಲ್ಲ ಅನ್ನೋರಿಗೆ ಎನ್‌ಐಒಎಸ್ ಅಂತ ರಾಷ್ಟ್ರೀಯ ಮುಕ್ತ ಶಾಲೆ ಐತೆ. ಹೊಳಲ್ಕೆರೆಯಲ್ಲಿರೋ ನಮ್ಮ ಅತ್ತಿಗೆ ಈಗ ಅದರಲ್ಲೇ 12ನೇದು ಕಟ್ಟಿದಾರೆ, ಐದು ವರ್ಷ ಟೈಮ್ ಇರುತ್ತೆ, ಒಂದೊಂದೇ ಸಬ್ಜೆಕ್ಟ್ ಬರ್ಕೊಂಡು ಹೋಗಬಹುದು. ಮೊನ್ನೆ ಅಕೌಂಟೆನ್ಸಿ ಡೌಟ್ ಕೇಳೋಕೆ ಫೋನ್ ಮಾಡಿದ್ರು, ಪಾರ್ಟ್ನರ್ ರಿಟೈರ್ ಆದ್ರೆ ಗುಡ್‌ವಿಲ್ ಯಾರ ಖಾತೆಗೆ ಹೋಗುತ್ತೆ ಅಂತ. ಹೇಳಿಕೊಟ್ಟೆ, ಆಮೇಲೆ "ನೀನೇ ಎಂಕಾಂಗೆ ಸೇರೋ, ಯಾಕೆ ಸುಮ್ನೆ ಕೂತಿದೀಯ" ಅಂದ್ರು. ಸೇರೋದೇ, ಆದ್ರೆ ಈ ಸಲ ಮೊದ್ಲು ಎಕ್ಸಾಂ ತಿಂಗಳು ನೋಡ್ಕೊಂಡು, ಆಮೇಲೆ ಉಳಿದಿದ್ದು.