ಡಾನಿ ಮೆಕ್ಯಾಸ್ಲಿನ್: ಮೊದಲು ಯಾವ ಆಲ್ಬಂ?

ಬೆಳಗಾವಿಯಲ್ಲಿ ಹಿಂದೂಸ್ತಾನಿ ಬೈಠಕ್ ಕೇಳಿ ಬೆಳೆದವರಿಗೆ ಅಮೆರಿಕದ ಡಾನಿ ಮೆಕ್ಯಾಸ್ಲಿನ್ ನುಡಿಸುವ ಈ ಜಾಝ್ ಸ್ಯಾಕ್ಸೊಫೋನ್ ಹೊಸದೇನೂ ಅನ್ನಿಸಲ್ಲ, ಯಾಕಂದ್ರೆ ಇಲ್ಲೂ ಸ್ಥಳದಲ್ಲೇ ಹುಟ್ಟುವ ಸಂಗೀತವೇ ಜೀವ. ಮೊದಲು ಕೇಳೋಕೆ ನನ್ನ ಆಯ್ಕೆ ಅವರ 2015ರ ಆಲ್ಬಂ ‘ಫಾಸ್ಟ್ ಫ್ಯೂಚರ್’. ಅದರಲ್ಲಿ ಬ್ರಿಟಿಷ್ ಸಂಗೀತಗಾರ ಎಫೆಕ್ಸ್ ಟ್ವಿನ್ ಅವರ ಎಲೆಕ್ಟ್ರಾನಿಕ್ ಟ್ಯೂನ್ ಒಂದಿದೆ. ಆ ತುಂಡು ತುಂಡು ಬೀಟನ್ನು ಮಾರ್ಕ್ ಜೂಲಿಯಾನಾ ಡ್ರಮ್ಸ್‌ ಮೇಲೆ ಕೈಯಾರೆ ನುಡಿಸುತ್ತಾರೆ, ಜೇಸನ್ ಲಿಂಡ್ನರ್ ಅವರ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಕೆಳಗೆ ಗುಂಯ್‌ಗುಡುತ್ತೆ, ಮೇಲೆ ಮೆಕ್ಯಾಸ್ಲಿನ್ ಅವರ ಟೆನರ್ ಸ್ಯಾಕ್ಸ್ ದ್ರುತ್ ತಾನಿನ (ವೇಗದ ಸ್ವರಗಳ ಓಟದ) ಹಾಗೆ ಏರುತ್ತೆ. ಎಷ್ಟು ಸಲ ಕೇಳಿದ್ರೂ ಮೈ ಜುಮ್ ಅನ್ನುತ್ತೆ.

2016ರ ‘ಬಿಯಾಂಡ್ ನೌ’ ಬೇರೆ. ಇದೇ ತಂಡ ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿಯ ಕೊನೆಯ ಆಲ್ಬಂನಲ್ಲಿ ನುಡಿಸಿತ್ತು, ಅವರು ತೀರಿಕೊಂಡ ಮೇಲೆ ಬಂದದ್ದು ಇದು. ಬೋವಿಯ ‘ವಾರ್ಸಾವಾ’ ಕೂಡ ಇದೆ, ನಿಧಾನ, ಭಾರ. ವಿಲಂಬಿತ್ (ನಿಧಾನ ಲಯ) ಇಷ್ಟಪಡುವವರು ಇದರಿಂದಲೇ ಶುರು ಮಾಡಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಬೇಸ್ (ಕೆಳಸ್ವರಗಳು) ಎಲ್ಲಾ ಹೋಗಿಬಿಡುತ್ತೆ.