ಸರ್ಟಿಫಿಕೇಟಾ, ಸ್ಟೋರಾ, ಎಫ್-ಡ್ರಾಯ್ಡಾ?

‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವ ಪುಟ್ಟ ತಂತ್ರಾಂಶ ಬರೆದಿದ್ದೇನೆ. ಬಿಟ್ಟಿ ಕೊಡುತ್ತೇನೆ. ಆದರೆ ಬರೆದವರ ಡಿಜಿಟಲ್ ಸಹಿಯಿಲ್ಲದ ಫೈಲನ್ನು ಡೌನ್‌ಲೋಡ್ ಮಾಡಿ ತೆರೆದರೆ ವಿಂಡೋಸ್ ನೀಲಿ ಎಚ್ಚರಿಕೆ ಪರದೆ ತೋರಿಸಿ ‘ಅನ್‌ನೋನ್ ಪಬ್ಲಿಷರ್’ ಅನ್ನುತ್ತದೆ. ‘ರನ್ ಎನಿವೇ’ ಕಾಣಬೇಕಾದರೆ ಮೊದಲು ‘ಮೋರ್ ಇನ್ಫೋ’ ಒತ್ತಬೇಕು. ಅಷ್ಟರಲ್ಲಿ ಜನ ವೈರಸ್ ಅಂದುಕೊಂಡು ಅಳಿಸಿರುತ್ತಾರೆ.

ಮೊದಲು ಹೋಗಿದ್ದು ಕೋಡ್ ಸೈನಿಂಗ್ ಸರ್ಟಿಫಿಕೇಟಿಗೆ, ಅಂದರೆ ಅಂಥ ಸಹಿ ಹಾಕಲು ಬೇಕಾದ ಪ್ರಮಾಣಪತ್ರಕ್ಕೆ. ಜೂನ್ 2023ರಿಂದ ಅದರ ಕೀಲಿಯನ್ನು ಕಂಪ್ಯೂಟರಿನಲ್ಲಿ ಸುಮ್ನೆ ಫೈಲಾಗಿ ಇಡುವ ಹಾಗಿಲ್ಲ, ಯುಎಸ್‌ಬಿ ಟೋಕನ್ನಿನಂಥ ಹಾರ್ಡ್‌ವೇರ್ ಬೇಕು. ಸರ್ಟಿಫಿಕೇಟ್ ಕೊಡುವ ಕಂಪನಿಯವರು ಎಲ್ಲಾ ಸೇರಿ ವರ್ಷಕ್ಕೆ ಇಪ್ಪತ್ತು ಸಾವಿರದ ಮೇಲೆ ಹೇಳಿದರು. ದುಡ್ಡಿಗಿಂತ ಜಾಸ್ತಿ ಕಾಡಿದ್ದು ನನ್ನ ಹೆಸರು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೂ ಸೇರಿದೆ, ಪಾಸ್‌ಪೋರ್ಟಿನಲ್ಲಿ ಇಲ್ಲ. ವಿಳಾಸಕ್ಕೆ ಕರೆಂಟ್ ಬಿಲ್ ಕಳಿಸಿ ಅಂದರು. ನಮ್ಮ ಆರ್.ಆರ್. ನಂಬರ್ ಇನ್ನೂ ತಾತನ ಹೆಸರಿನಲ್ಲಿದೆ. ತಾತ ತೀರಿಕೊಂಡು ಹನ್ನೆರಡು ವರ್ಷ ಆಯ್ತು. ಮೂರು ವಾರ ಮೇಲ್ ಓಡಾಡಿ ಕೊನೆಗೂ ಸಿಕ್ಕಿತು. ಸಹಿ ಹಾಕಿದೆ. ನೀಲಿ ಪರದೆ ಮತ್ತೆ ಬಂತು, ಈ ಸಲ ನನ್ನ ಹೆಸರಿನ ಸಮೇತ! ಸಹಿಯೊಂದೇ ಸಾಲದು, ನಾಲ್ಕು ಜನ ಇಳಿಸಿಕೊಂಡು ‘ರೆಪ್ಯುಟೇಶನ್’ ಬೆಳೆಯಬೇಕು.

ಮೈಕ್ರೋಸಾಫ್ಟ್ ಸ್ಟೋರಿನಲ್ಲಿ 2025ರಿಂದ ಒಬ್ಬಂಟಿ ಡೆವಲಪರುಗಳಿಗೆ ನೋಂದಣಿ ಶುಲ್ಕವಿಲ್ಲ. ಗುರುತಿನ ಚೀಟಿ, ಒಂದು ಸೆಲ್ಫಿ, ಮುಗೀತು. ಎಂಎಸ್‌ಐಎಕ್ಸ್ (ವಿಂಡೋಸ್ ಆ್ಯಪ್ ಕಟ್ಟಿಕೊಡುವ ಒಂದು ಬಗೆ) ಪ್ಯಾಕೇಜ್ ಕೊಟ್ಟರೆ ಸಹಿಯನ್ನೂ ಅವರೇ ಹಾಕುತ್ತಾರೆ. ಮೊದಲೇ ಇಲ್ಲಿಗೆ ಬರಬೇಕಿತ್ತು.

ಮ್ಯಾಕ್‌ಗೆ ಡೆವಲಪರ್ ಆಗಿ ಸೇರಲು ಆಪಲ್‌ಗೆ ವರ್ಷಕ್ಕೆ 99 ಡಾಲರ್. ಕೇಳಿದವರು ಇಬ್ಬರು. ಆ ಗೊಡವೆಗೇ ಹೋಗಲಿಲ್ಲ.

ಆಂಡ್ರಾಯ್ಡಿನದು ಬೇರೆ ಕಥೆ. ಪ್ಲೇ ಸ್ಟೋರಿಗೆ ಒಂದೇ ಸಲ 25 ಡಾಲರ್ ಸಾಕು. ಆದರೆ ನವೆಂಬರ್ 13, 2023ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಆ್ಯಪ್ ಬಿಡುಗಡೆಗೆ ಮುಂಚೆ 12 ಜನ ಸತತ 14 ದಿನ ಟೆಸ್ಟರ್ ಆಗಿರಬೇಕು. ಮೊದಲು ಅದು 20 ಇತ್ತು. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಬೇಡಿಕೊಂಡೆ. “ಇದ್ರಲ್ಲಿ ಏನು ಮಾಡ್ಬೇಕೋ?” ಅಂದರು ಚಿಕ್ಕಮ್ಮ. “ಆಗಾಗ ತೆಗೆದು ನೋಡಿ ಚಿಕ್ಕಮ್ಮ, ಅಳಿಸ್ಬೇಡಿ ಅಷ್ಟೇ.” ಹನ್ನೊಂದನೇ ದಿನ ಭಾವ ಏನೋ ಒತ್ತಿ ಹೊರಬಿದ್ದರು. ಮತ್ತೆ ಒಂದರಿಂದ ಎಣಿಕೆ.

ಎಫ್-ಡ್ರಾಯ್ಡ್ ಅಂದರೆ ಮುಕ್ತ ತಂತ್ರಾಂಶಗಳಷ್ಟೇ ಸಿಗುವ ಆಂಡ್ರಾಯ್ಡ್ ಆ್ಯಪ್ ಸಂಗ್ರಹ. ಅವರು ದುಡ್ಡೂ ಕೇಳಲಿಲ್ಲ, ಆಧಾರ್ ಕಾರ್ಡೂ ಕೇಳಲಿಲ್ಲ. ಮುಕ್ತ ಲೈಸೆನ್ಸ್ ಇರುವ ಸೋರ್ಸ್ ಕೋಡ್ ಕೇಳಿದರು. ಆ ಕೋಡಿನಿಂದ ಆ್ಯಪ್ ಬಿಲ್ಡ್ ಮಾಡಿ ಸಹಿ ಹಾಕುವುದು ಅವರೇ. ಪರಿಶೀಲಿಸಿದವರೊಬ್ಬರು “ಫಾಂಟ್ ತಿರುಗಿಸುವ ಆ್ಯಪಿಗೆ ಇಂಟರ್ನೆಟ್ ಪರ್ಮಿಷನ್ ಯಾಕೆ?” ಅಂದರು. ಹೌದಲ್ವಾ! ಯಾವುದೋ ಲೈಬ್ರರಿಯ ಜತೆ ಬಂದು ಉಳಿದಿತ್ತು, ತೆಗೆದೆ. ಇಷ್ಟು ಅಲೆದಾಟದಲ್ಲಿ ಒಬ್ಬ ಮನುಷ್ಯ ಕೂತು ನನ್ನ ಕೋಡ್ ನೋಡಿ ಪ್ರಶ್ನೆ ಕೇಳಿದ್ದು ಅಲ್ಲೊಂದೇ ಕಡೆ. ಉಳಿದ ಕಡೆ ನಾನು ಯಾರು ಅನ್ನುವುದೇ ದೊಡ್ಡ ವಿಷಯ. ಬಳಸುವವರು ಕಡಿಮೆ ಅನ್ನುವುದೊಂದೇ ಇಲ್ಲಿನ ಕೊರತೆ, ಹಾಗಾಗಿ ಪ್ಲೇ ಸ್ಟೋರನ್ನೂ ಬಿಟ್ಟಿಲ್ಲ.

ಸರ್ಟಿಫಿಕೇಟನ್ನು ನವೀಕರಿಸಲಿಲ್ಲ. ವಿಂಡೋಸ್‌ನವರಿಗೆಲ್ಲ ಸ್ಟೋರಿನ ಲಿಂಕ್ ಕಳಿಸುತ್ತೇನೆ. ನಮ್ಮೂರಿನ ಡಿಟಿಪಿ ಅಂಗಡಿಯಲ್ಲಿ ಮಾತ್ರ ಇನ್ನೂ ವಿಂಡೋಸ್ 7, ಅದರಲ್ಲಿ ಈ ಸ್ಟೋರೇ ಇಲ್ಲ. ಅಲ್ಲಿಗೆ ಪೆನ್‌ಡ್ರೈವ್ ತಗೊಂಡು ನಾನೇ ಹೋಗುತ್ತೇನೆ.