ಮೂರು ಸಿಂಡ್ರೆಲಾಗಳಲ್ಲಿ ನಮ್ಮ ಮನೆಗೆ ಉಳಿದವಳು ಬೂದಿಪುಟ್ಟಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರಿಮ್ ಅಣ್ಣತಮ್ಮಂದಿರ ಸಿಂಡ್ರೆಲಾಗೆ. ಗಾಜಿನ ಚಪ್ಪಲಿ, ಕುಂಬಳಕಾಯಿ ಸಾರೋಟು ಇಷ್ಟಪಡುವವರು ಬೈದುಕೊಳ್ಳಬಹುದು. ನಾನೂ ಮೊದಲು ದುಡ್ಡು ಹಾಕಿದ್ದು ಅದಕ್ಕೇ.

ಆರು ವರ್ಷದ ಮಗಳಿಗೆ ಅಂತ 250 ರೂಪಾಯಿ ಕೊಟ್ಟು ಆನ್‌ಲೈನಲ್ಲಿ ಒಂದು ಚಿತ್ರಪುಸ್ತಕ ತರಿಸಿದೆ. ಹನ್ನೆರಡು ಪುಟ, ಅದರಲ್ಲಿ ಎಂಟು ಪುಟ ಬರೀ ಗೌನು. ನಾಲ್ಕು ನಿಮಿಷಕ್ಕೆ ಕತೆ ಮುಗಿಯಿತು. ಮಗಳು ಎದ್ದು ಕೂತು "ಆಮೇಲೆ?" ಅಂದಳು. ಆಮೇಲೆ ಏನೂ ಇರಲಿಲ್ಲ. ಮಗು ಮಲಗಲಿ ಅಂತ ತಂದ ಪುಸ್ತಕ ಮಗುವನ್ನು ಎಬ್ಬಿಸಿ ಕೂರಿಸಿದರೆ ಏನು ಮಾಡುವುದು? ಆ ಸಿಟ್ಟಿಗೆ ಮೂಲ ಕತೆಗಳನ್ನೇ ಹುಡುಕಿದೆ. ಫ್ರಾನ್ಸಿನ ಪೆರೋ ಬರೆದದ್ದು, ಜರ್ಮನಿಯ ಗ್ರಿಮ್‌ಗಳದ್ದು, ನಮ್ಮ ಕಡೆಯ ಹಂಚಿಯ ಕತೆ. ಎರಡು ತಿಂಗಳು ಮೂರನ್ನೂ ಸರದಿ ಪ್ರಕಾರ ಓದಿ ಹೇಳಿದ್ದಾಯಿತು.

ಪೆರೋನ ಕತೆ ಬಂದದ್ದು 1697ರಲ್ಲಿ. ನಮಗೆಲ್ಲ ಗೊತ್ತಿರುವ ಕುಂಬಳಕಾಯಿ, ಆರು ಇಲಿ ಆರು ಕುದುರೆ ಆಗುವುದು, ಹನ್ನೆರಡು ಗಂಟೆ ಹೊಡೆಯುವುದು ಎಲ್ಲ ಅವನದ್ದೇ. ಚಿತ್ರಪುಸ್ತಕದಲ್ಲಿ ಬಿಟ್ಟುಹೋದ ಒಳ್ಳೊಳ್ಳೆ ಚೂರುಗಳೂ ಇವೆ. ದೊಡ್ಡ ಮೀಸೆಯ ಹೆಗ್ಗಣವೊಂದನ್ನು ಹುಡುಕಿ ಸಾರೋಟು ಓಡಿಸುವವನನ್ನಾಗಿ ಮಾಡುತ್ತಾರೆ, ಹಲ್ಲಿಗಳು ಆಳುಗಳಾಗುತ್ತವೆ. ಮಗಳು ಹಲ್ಲಿ ಜಾಗಕ್ಕೆ ಬಿದ್ದು ಬಿದ್ದು ನಕ್ಕಳು. ಗಾಜಿನ ಚಪ್ಪಲಿ ಒಡೆಯಲ್ವಾ ಅಂತ ಕೇಳಿದಳು, ನನಗೂ ಅದೇ ಡೌಟು.

ಆದರೆ ಪೆರೋನ ಹುಡುಗಿ ಜಾಸ್ತಿ ಸಾಧು. ಅಳುತ್ತಾಳೆ, ದೇವತೆ ಬರುತ್ತಾಳೆ, ಎಲ್ಲ ಸಿಗುತ್ತದೆ. ಕೊನೆಯಲ್ಲಿ ಅಕ್ಕಂದಿರನ್ನು ಕ್ಷಮಿಸಿ, ಅರಮನೆಯಲ್ಲೇ ಇರಿಸಿಕೊಂಡು, ಅವರಿಗೂ ಒಳ್ಳೆ ಗಂಡು ನೋಡಿ ಮದುವೆ ಮಾಡಿಸುತ್ತಾಳೆ. ಕತೆಯ ಕೆಳಗೆ ಪೆರೋ ಎರಡು ನೀತಿ ಪದ್ಯ ಬೇರೆ ಸೇರಿಸಿದ್ದಾನೆ. ಎರಡನೆಯದರ ಸಾರ ಏನು ಗೊತ್ತಾ? ಬುದ್ಧಿ, ಧೈರ್ಯ ಎಲ್ಲ ಇದ್ದರೂ ಮೇಲೆತ್ತುವವರೊಬ್ಬರು ಇಲ್ಲದಿದ್ದರೆ ಪ್ರಯೋಜನ ಇಲ್ಲ. ಅಂದರೆ ವಶೀಲಿ ಬೇಕು! ಹದಿನಾಲ್ಕನೇ ಲೂಯಿ ದೊರೆಯ ಸರ್ಕಾರದಲ್ಲಿ ಕೆಲಸ ಮಾಡಿದ್ದ ಮನುಷ್ಯ, ಅನುಭವದಿಂದಲೇ ಬರೆದಿರಬೇಕು. ನಾನು ಆ ಪದ್ಯ ಓದಿ ಒಬ್ಬನೇ ನಕ್ಕೆ, ಮಗಳಿಗೆ ಓದಲಿಲ್ಲ.

ಹಂಚಿಯ ಕತೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಅವರ ಜಾನಪದ ಕತೆಗಳ ಪುಸ್ತಕದಲ್ಲಿದೆ. ಕನ್ನಡದ್ದೇ ಕತೆ, ನನ್ನ ಕೈಗೆ ಸಿಕ್ಕಿದ್ದು ಇಂಗ್ಲಿಷಿನಲ್ಲಿ. ರಾತ್ರಿ ಅದನ್ನು ವಾಪಸ್ ಕನ್ನಡಕ್ಕೆ ತಂದು ಹೇಳುವಾಗ ಒಂಥರಾ ಮುಜುಗರ. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ, ಮುಖ ಹಂಚಿನ ಹಾಗಿದೆ ಅಂತ ಅವಳು ಹಂಚಿ. "ಹಂಚು ಅಂದ್ರೆ ದೋಸೆ ಹಂಚಾ?" ಅಂದಳು ಮಗಳು. ಅಡುಗೆಯವಳು ತಾನೇ, ಹೌದು ಅಂದುಬಿಟ್ಟೆ.

ಕತೆಯಾಗಿ ನೋಡಿದರೆ ಮೂರರಲ್ಲಿ ಇದೇ ಗಟ್ಟಿ. ಮದುವೆ ಆದ ತಕ್ಷಣ ಮುಗಿಯುವುದಿಲ್ಲ, ಕೆಟ್ಟ ಕಣ್ಣಿನ ಗುರುಸ್ವಾಮಿ ಒಬ್ಬ ಬರುತ್ತಾನೆ, ನಿಜವಾದ ತಾಪತ್ರಯ ಶುರುವಾಗುವುದೇ ಅಲ್ಲಿಂದ. ಆದರೆ ಅವಳು ಮನೆ ಬಿಡಲು ಕಾರಣ ಇದೆಯಲ್ಲ, ಚಿನ್ನದ ಕೂದಲು ಕಂಡ ಅಣ್ಣನೇ ಆ ಕೂದಲಿನವಳನ್ನೇ ಮದುವೆಯಾಗುತ್ತೇನೆ ಅಂತ ಹಠ ಹಿಡಿಯುವುದು. ನಮ್ಮಲ್ಲಿ ಪಕ್ಕದ ಹಾಸಿಗೆಯಲ್ಲೇ ಹತ್ತು ವರ್ಷದ ಅಣ್ಣ ಕಿವಿ ನೆಟ್ಟಗೆ ಮಾಡಿಕೊಂಡು ಮಲಗಿರುತ್ತಾನೆ. ಆಗಲ್ಲ. ಇನ್ನೊಂದು ಹತ್ತು ವರ್ಷ ಕಾಯಬೇಕು.

ಉಳಿದದ್ದು ಗ್ರಿಮ್. ಜರ್ಮನಿನಲ್ಲಿ ಇವಳ ಹೆಸರು ಆಶೆನ್‌ಪುಟ್ಟೆಲ್. ಆಶೆ ಅಂದರೆ ಬೂದಿ ಅಂತ ಹೇಳಿದ್ದೇ ತಡ, ಮಗಳು ಬೂದಿಪುಟ್ಟಿ ಮಾಡಿಕೊಂಡಳು. 200ಕ್ಕೂ ಜಾಸ್ತಿ ಕತೆ ಇರುವ ದಪ್ಪ ಪುಸ್ತಕಕ್ಕೆ 799 ಆಯಿತು. ಸುಮ್ನೆ ಕೊಟ್ಟೆ ಅಂತ ಒಂದು ದಿನವೂ ಅನಿಸಿಲ್ಲ.

ಇಲ್ಲಿ ದೇವತೆ ಇಲ್ಲ, ಕುಂಬಳಕಾಯಿ ಇಲ್ಲ. ಅಪ್ಪ ಜಾತ್ರೆಗೆ ಹೊರಟಾಗ ಅಕ್ಕಂದಿರು ಬಟ್ಟೆ, ಮುತ್ತು ಕೇಳುತ್ತಾರೆ. ಇವಳು ವಾಪಸ್ ಬರುವಾಗ ನಿನ್ನ ಟೋಪಿಗೆ ಮೊದಲು ತಾಗುವ ರೆಂಬೆ ತಾ ಅನ್ನುತ್ತಾಳೆ. ಅದನ್ನು ಅಮ್ಮನ ಸಮಾಧಿ ಮೇಲೆ ನೆಡುತ್ತಾಳೆ, ಅತ್ತು ಅತ್ತು ಕಣ್ಣೀರಲ್ಲೇ ನೀರು ಹಾಕುತ್ತಾಳೆ, ಅದು ಮರ ಆಗುತ್ತದೆ. ಬಟ್ಟೆ, ಚಿನ್ನದ ಚಪ್ಪಲಿ ಎಲ್ಲ ಕೊಡುವುದು ಆ ಮರದ ಹಕ್ಕಿ. ಪುಕ್ಕಟೆ ಬಂದದ್ದಲ್ಲ, ತಾನೇ ನೆಟ್ಟದ್ದು. ನನಗೆ ಇಷ್ಟವಾದದ್ದು ಇದೇ.

ಮಗಳಿಗೆ ಇಷ್ಟವಾದದ್ದು ಬೇಳೆ. ಮಲತಾಯಿ ಒಂದು ಬಟ್ಟಲು ಬೇಳೆಯನ್ನು ಬೂದಿಗೆ ಸುರಿದು ಎರಡು ಗಂಟೆಯೊಳಗೆ ಆರಿಸು ಅನ್ನುತ್ತಾಳೆ. ಆಮೇಲೆ ಎರಡು ಬಟ್ಟಲು, ಒಂದೇ ಗಂಟೆ. ಪಾರಿವಾಳಗಳು ಬಂದು ಕುಟುಕುಟು ಅಂತ ಆರಿಸಿಕೊಡುತ್ತವೆ. ಒಳ್ಳೇದು ಮಡಕೆಗೆ, ಕೆಟ್ಟದ್ದು ಹೊಟ್ಟೆಗೆ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುವುದನ್ನು ನೋಡಿರುವ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕಂದಿರು ಚಪ್ಪಲಿ ಹಿಡಿಸಲು ಒಬ್ಬಳು ಹೆಬ್ಬೆರಳು, ಇನ್ನೊಬ್ಬಳು ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ. ಮಕ್ಕಳು ಇದಕ್ಕೆ ಹೆದರುತ್ತಾರೆ ಅಂದುಕೊಂಡಿದ್ದೆ. ಇಬ್ಬರೂ ಇನ್ನೊಂದ್ಸಲ ಓದು ಅಂದರು. ಕೊನೆಯಲ್ಲಿ ಪಾರಿವಾಳಗಳು ಅಕ್ಕಂದಿರ ಕಣ್ಣು ಕುಕ್ಕುವುದನ್ನು ಮಾತ್ರ ನಾನು ಬಿಡುತ್ತೇನೆ. ಇದಕ್ಕೆ ನನ್ನ ಹತ್ತಿರ ನೆಪವೂ ಇದೆ: 1812ರ ಮೊದಲ ಮುದ್ರಣದಲ್ಲಿ ಆ ಶಿಕ್ಷೆ ಇಲ್ಲ, 1819ರಲ್ಲಿ ಸೇರಿಸಿದ್ದು. ಗ್ರಿಮ್‌ಗಳೇ 1857ರವರೆಗೂ ತಿದ್ದುತ್ತಾ ಕೂತಿದ್ದರಂತೆ, ನಾನು ಒಂದು ಸಾಲು ಬಿಟ್ಟರೆ ಏನಾಯಿತು?

ನಿಜವಾದ ಕಿರಿಕಿರಿ ರಕ್ತದ್ದಲ್ಲ. ಅಪ್ಪನದ್ದು.

ಪೆರೋನಲ್ಲಿ ಅಪ್ಪ ಹೆಂಡತಿ ಮಾತಿಗೆ ತಲೆಯಾಡಿಸುವವನು, ಒಂದು ಸಾಲಲ್ಲಿ ಬಂದು ಮರೆಯಾಗುತ್ತಾನೆ, ಯಾರೂ ಗಮನಿಸಲ್ಲ. ಗ್ರಿಮ್‌ನಲ್ಲಿ ಈ ಮನುಷ್ಯ ಕತೆಯ ಕೊನೆವರೆಗೂ ಮನೆಯಲ್ಲೇ ಇದ್ದಾನೆ. ಅರಮನೆಯ ಕುಣಿತದ ಮೊದಲನೇ ದಿನ ರಾತ್ರಿ ಹುಡುಗಿ ರಾಜಕುಮಾರನಿಂದ ತಪ್ಪಿಸಿಕೊಂಡು ಪಾರಿವಾಳದ ಗೂಡಿಗೆ ಹಾರುತ್ತಾಳೆ. ಇವಳು ನಮ್ಮ ಬೂದಿಪುಟ್ಟಿ ಇರಬಹುದಾ ಅಂತ ಅವನಿಗೆ ಅನುಮಾನ ಬರುತ್ತದೆ, ಆದರೂ ಕೊಡಲಿ ತರಿಸಿ ಗೂಡು ಒಡೆಯುವ ಕೆಲಸ ನಡೆಯುತ್ತದೆ. ಮಾರನೇ ರಾತ್ರಿ ಅವಳು ಪೇರು ಮರ ಹತ್ತಿದರೆ ಅದೇ ಅನುಮಾನ, ಅದೇ ಕೊಡಲಿ. ಕೊನೆಗೆ ರಾಜಕುಮಾರ ಬಂದು ನಿಮಗೆ ಇನ್ನೊಬ್ಬಳು ಮಗಳಿಲ್ಲವಾ ಅಂತ ಕೇಳಿದಾಗ ಇಲ್ಲ ಅನ್ನುತ್ತಾನೆ, ಸತ್ತ ಹೆಂಡತಿಯ ಒಂದು ಸಣಕಲು ಬೂದಿಪುಟ್ಟಿ ಇದ್ದಾಳೆ, ಅವಳು ವಧು ಆಗಲು ಸಾಧ್ಯವೇ ಇಲ್ಲ ಅಂತ!

"ಅಪ್ಪಂಗೆ ಗೊತ್ತಿತ್ತಲ್ವಾ?" ಅಂದಳು ಮಗಳು. ಓದುತ್ತಿರುವವನೂ ಅಪ್ಪನೇ. ಏನು ಹೇಳಲಿ?

ಮಾರನೇ ದಿನ ಅಪ್ಪನನ್ನು ಕೆಲಸದ ಮೇಲೆ ಊರಿಗೆ ಕಳಿಸಿ ಓದಿದೆ. "ನಿನ್ನೆ ಮನೇಲಿದ್ದ" ಅಂದಳು. ಆಮೇಲೊಂದು ದಿನ ಕತೆಯ ಶುರುವಲ್ಲೇ ಅವನನ್ನು ಸಾಯಿಸಿದೆ, ಹಾಗಾದರೆ ಜಾತ್ರೆಯಿಂದ ರೆಂಬೆ ತಂದವರು ಯಾರು ಅಂತ ಅಣ್ಣ ಪಕ್ಕದ ಹಾಸಿಗೆಯಿಂದ ಪಾಯಿಂಟ್ ಹಾಕಿದ. ರೆಂಬೆ ಇಲ್ಲದಿದ್ದರೆ ಮರ ಇಲ್ಲ, ಮರ ಇಲ್ಲದಿದ್ದರೆ ಕತೆಯೇ ಇಲ್ಲ. ಹಾಳಾದವನು ಒಂದೇ ಒಂದು ಒಳ್ಳೆ ಕೆಲಸ ಮಾಡಿದ್ದಾನೆ, ಅದಕ್ಕೋಸ್ಕರ ಪೂರ್ತಿ ಇಟ್ಟುಕೊಳ್ಳಬೇಕು.

"ನೀನಾಗಿದ್ರೆ ನಾನೇ ಅಂತ ಹೇಳ್ತಿದ್ದೆ ಅಲ್ವಾ?" ಅಂತ ಮಗಳು ಕೇಳಿದಳು. ಹೂಂ, ಮತ್ತೆ, ಅಂದೆ. ಅಡುಗೆಮನೆಯಿಂದ "ಮೊದ್ಲು ಆ ಫೋನ್ ಕೆಳಗಿಡಿ ರೀ, ಆಮೇಲೆ ಹೇಳುವಿರಂತೆ" ಅಂತ ಬಂತು. ಫೋನು ಟಾರ್ಚಿಗೆ ಹಿಡಿದಿದ್ದು, ಆದರೂ ಮಾತಾಡಲಿಲ್ಲ.

ಈಗ ನಮ್ಮ ಮನೆಯ ಪಾಠದಲ್ಲಿ ಕೊನೆಗೆ ಪಾರಿವಾಳಗಳು ಅಪ್ಪನ ಮೀಸೆ ಒಂದೊಂದೇ ಕೂದಲಾಗಿ ಕೀಳುತ್ತವೆ. ನನಗೆ ಮೀಸೆ ಇದೆ. ಮಗಳು ಅದನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಾಳೆ.

ನಿಮ್ಮ ಮಕ್ಕಳು ಪ್ರಶ್ನೆ ಕೇಳದೆ ಮಲಗುವ ಜಾತಿಯವರಾದರೆ ಪೆರೋ ಸಾಕು, ಆದರೆ ಪೂರ್ತಿ ಇರುವುದನ್ನೇ ತನ್ನಿ, ಗೌನಿನ ಪುಸ್ತಕ ಬೇಡ. ಹಂಚಿಯನ್ನು ನೀವೇ ಓದಿಕೊಳ್ಳಿ. ನಾನು ಆಫೀಸಿಂದ ಬರುವುದೇ ಎಂಟೂವರೆ, ಕತೆಗೆ ಕೂರುವಾಗ ಒಂಬತ್ತೂವರೆ, ಕೈಯಲ್ಲಿರುವುದು ಕಾಲು ಗಂಟೆ. ಅಷ್ಟಕ್ಕೆ ಗ್ರಿಮ್ ಸರಿಯಾಗಿ ಹೊಂದುತ್ತದೆ.

ಒಂದು ಖರ್ಚು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ. ಪಾರಿವಾಳದ ಕಾಟ ತಡೆಯಲಾಗದೆ ಬಾಲ್ಕನಿಗೆ ಬಲೆ ಹಾಕಿಸಿದ್ದೆವು. ಹೋದ ಭಾನುವಾರ ಮಗಳು ಅರ್ಧ ಕೆಜಿ ತೊಗರಿಬೇಳೆಯನ್ನು ಬಲೆಯೊಳಗಿಂದ ಹೊರಗೆ ತೂರಿ, ಆರಿಸಿಕೊಡಿ ಅಂತ ಪಾರಿವಾಳಗಳನ್ನು ಕರೆಯುತ್ತಾ ಕೂತಿದ್ದಳು. ಕೆಳಗಿನ ಮನೆಯವರು ಬಂದು ಬೆಲ್ ಮಾಡಿದರು. ಬೇಳೆ ಡಬ್ಬ ಈಗ ಮೇಲಿನ ಶೆಲ್ಫಿನಲ್ಲಿದೆ.